ದಿನಾರ್: ಪಶ್ಚಿಮದಲ್ಲಿ ಚಿಲ್ಲರೆ, ಪೂರ್ವದಲ್ಲಿ ಚಿನ್ನ

ಹಳೆಯ ಬ್ರಿಟಿಷ್ ಲೆಕ್ಕದ ಪುಸ್ತಕ ತೆರೆದರೆ ಹಣಕ್ಕೆ ಮೂರು ಕಾಲಂ ಕಾಣುತ್ತವೆ. ಪೌಂಡ್‌ಗೆ ಎಲ್, ಶಿಲ್ಲಿಂಗ್‌ಗೆ ಎಸ್, ಪೆನ್ನಿಗೆ ಡಿ. ಎಸ್ ಅಕ್ಷರವನ್ನು ಹೇಗೋ ಒಪ್ಪಿಕೊಳ್ಳಬಹುದು. ಆದರೆ ಪೌಂಡ್‌ನಲ್ಲಿ ಎಲ್ ಎಲ್ಲಿದೆ? ಪೆನ್ನಿಯಲ್ಲಿ ಡಿ ಎಲ್ಲಿದೆ? ಮೂರೂ ಲ್ಯಾಟಿನ್ ಪದಗಳ ಮೊದಲಕ್ಷರಗಳು. ಎಲ್ ಅಂದರೆ ಲಿಬ್ರಾ, ಒಂದು ತೂಕ. ಎಸ್ ಅಂದರೆ ಸೊಲಿಡಸ್, ಒಂದು ಚಿನ್ನದ ನಾಣ್ಯ. ಅದು ಶಿಲ್ಲಿಂಗ್‌ಗೂ ಹೊಂದಿಕೊಂಡದ್ದು ಬರೀ ಕಾಕತಾಳೀಯ. ಡಿ ಅಂದರೆ ಡಿನೇರಿಯಸ್, ರೋಮ್‌ನ ಬೆಳ್ಳಿ ನಾಣ್ಯ. ಕುವೈತ್‌ನ ದಿನಾರ್, ಸ್ಪ್ಯಾನಿಷ್‌ನ ಡಿನೇರೊ, ಸಂಸ್ಕೃತದ ದೀನಾರ, ರೇಷ್ಮೆ ದಾರದ ಡೀನಿಯರ್ ಎಲ್ಲವೂ ಈ ಡಿ ಅಕ್ಷರದ ದಾಯಾದಿಗಳೇ.

ಒಂದು ಪದ ನಾಲ್ಕಾರು ಭಾಷೆಗೆ ಹೋಗುವುದು ದೊಡ್ಡ ಸುದ್ದಿಯಲ್ಲ. ಈ ಪದದ ವಿಶೇಷ ಬೇರೆ ಇದೆ. ಪಶ್ಚಿಮಕ್ಕೆ ಹೋದ ಡಿನೇರಿಯಸ್ ಇಳಿಯುತ್ತಾ ಇಳಿಯುತ್ತಾ ಪೆನ್ನಿಯಷ್ಟು ಚಿಲ್ಲರೆಯಾಯಿತು. ಪೂರ್ವಕ್ಕೆ ಬಂದದ್ದು ಚಿನ್ನವಾಯಿತು. ಹುಟ್ಟಿದಾಗ ಅದು ಎರಡೂ ಆಗಿರಲಿಲ್ಲ.

ಹುಟ್ಟಿದ್ದು ಯುದ್ಧದ ನಡುವೆ. ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಇಟಲಿಗೆ ನುಗ್ಗಿದ್ದ ಕಾಲ, ಕ್ರಿ.ಪೂ. 211ರ ಸುಮಾರು. ಸೈನ್ಯಕ್ಕೆ ಸಂಬಳ ಕೊಟ್ಟೂ ಕೊಟ್ಟೂ ರೋಮ್‌ನ ಹಳೆಯ ನಾಣ್ಯ ವ್ಯವಸ್ಥೆ ಕುಸಿದಿತ್ತು. ಆಗ ಹೊಸದಾಗಿ ಒಂದು ಬೆಳ್ಳಿ ನಾಣ್ಯ ತಂದರು. ತೂಕ ಸುಮಾರು ನಾಲ್ಕೂವರೆ ಗ್ರಾಂ. ಬೆಲೆ ಹತ್ತು ಆಸ್. ಆಸ್ ಎಂದರೆ ಆಗಿನ ಕಂಚಿನ ಕಾಸು. ಲ್ಯಾಟಿನ್‌ನಲ್ಲಿ ಹತ್ತಕ್ಕೆ ಡೆಕೆಮ್, ಹತ್ತತ್ತು ಎನ್ನಲು ಡೇನಿ. ಅದರಿಂದ ಡಿನೇರಿಯಸ್, ಅಂದರೆ 'ಹತ್ತರದ್ದು'. ಅನುಮಾನವೇ ಬೇಡ ಎಂಬಂತೆ ನಾಣ್ಯದ ಮೇಲೆ ರೋಮನ್ ಹತ್ತರ ಗುರುತಾದ ಗುಣಿಸು ಚಿಹ್ನೆಯನ್ನೂ ಹಾಕಿದರು.

ಈ ಹತ್ತರ ಲೆಕ್ಕ ನೂರು ವರ್ಷವೂ ಬಾಳಲಿಲ್ಲ. ಕಂಚಿನ ಆಸ್ ತೂಕ ಕಳೆದುಕೊಳ್ಳುತ್ತಾ ಹೋಯಿತು. ಕ್ರಿ.ಪೂ. 140ರ ಹೊತ್ತಿಗೆ ಒಂದು ಡಿನೇರಿಯಸ್‌ಗೆ 16 ಆಸ್ ಎಂದು ಸರ್ಕಾರವೇ ಒಪ್ಪಿಕೊಂಡಿತು. ಕೆಲವು ನಾಣ್ಯಗಳ ಮೇಲೆ ಹದಿನಾರರ ಗುರುತನ್ನೂ ಒತ್ತಿದರು. ಹೆಸರು ಮಾತ್ರ 'ಹತ್ತರದ್ದು' ಎಂದೇ ಉಳಿಯಿತು. ಮುಂದೆ ಈ ಪದಕ್ಕೆ ಆಗಲಿರುವುದೆಲ್ಲಾ ಇಲ್ಲೇ ಶುರುವಾಯಿತು ಅನ್ನಬಹುದು. ಹೆಸರೊಳಗಿನ ಅರ್ಥ ಸತ್ತ ಮೇಲೆ, ಯಾರು ಬೇಕಾದರೂ ಅದರಲ್ಲಿ ತಮ್ಮ ಅರ್ಥ ತುಂಬಬಹುದು ನೋಡಿ.

ಡಿನೇರಿಯಸ್ ಒಂದು ದಿನದ ಕೂಲಿಯೂ ಆಗಿತ್ತು. ಬೈಬಲ್‌ನಲ್ಲಿ ದ್ರಾಕ್ಷಿತೋಟದ ಕೂಲಿಗಳ ಕಥೆ ಬರುತ್ತದೆ. ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಮಾಲೀಕ ಒಂದೊಂದು ಡಿನೇರಿಯಸ್ ಕೊಡುತ್ತಾನೆ. 1611ರ ಇಂಗ್ಲಿಷ್ ಬೈಬಲ್ ಇದನ್ನು 'ಪೆನ್ನಿ' ಎಂದಿತು. ಇವತ್ತು ಓದಿದರೆ ಎಂಥ ಜಿಪುಣ ಮಾಲೀಕ ಅನಿಸುತ್ತದೆ. ಅನುವಾದಕರ ತಪ್ಪೇನಿಲ್ಲ. ಲ್ಯಾಟಿನ್ ಲೆಕ್ಕದ ಡಿನೇರಿಯಸ್ ಅವರ ಕಾಲಕ್ಕೆ ಪೆನ್ನಿಯೇ ಆಗಿತ್ತು. ಇನ್ನೊಂದು ಮಾತು. ದಿನಗೂಲಿ, ದಿನಾರ್ ಎಂದು ಒಟ್ಟಿಗೆ ಕೇಳಿದಾಗ ನಮ್ಮ ಕಿವಿಗೆ 'ದಿನ' ಬೀಳುತ್ತದೆ, ಅಲ್ವಾ? ಆ ದಿನಕ್ಕೂ ಈ ದಿನಾರ್‌ಗೂ ಯಾವ ಸಂಬಂಧವೂ ಇಲ್ಲ.

ಈ ಬೆಳ್ಳಿ ಭಾರತಕ್ಕೆ ಬಂದದ್ದು ಮೆಣಸಿನ ದಾರಿಯಲ್ಲಿ. ಕ್ರಿ.ಶ. ಒಂದನೇ ಶತಮಾನದಲ್ಲಿ ಈಜಿಪ್ಟ್‌ನಿಂದ ಹೊರಟ ಹಡಗುಗಳು ಮುಂಗಾರು ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು, ಮುತ್ತು, ಹತ್ತಿಬಟ್ಟೆ ತುಂಬಿಕೊಂಡು ಹೋಗುತ್ತಿದ್ದವು. ಬದಲಿಗೆ ಕೊಡಲು ಅವರ ಬಳಿ ನಮಗೆ ಬೇಕಾದ ಸರಕು ಜಾಸ್ತಿ ಇರಲಿಲ್ಲ. ಹಾಗಾಗಿ ದುಡ್ಡೇ ಕೊಟ್ಟರು. ಆ ಕಾಲದ ಒಂದು ಗ್ರೀಕ್ ನಾವಿಕ ಕೈಪಿಡಿ, ಭರೂಚ್ ಬಂದರಿಗೆ ಚಿನ್ನದ ಮತ್ತು ಬೆಳ್ಳಿಯ ಡಿನೇರಿಯಸ್ ಒಯ್ದರೆ ಊರಿನ ನಾಣ್ಯದ ಎದುರು ಲಾಭ ಸಿಗುತ್ತದೆ ಎಂದು ಬರೆಯುತ್ತದೆ. ರೋಮ್‌ನ ಲೇಖಕ ಪ್ಲಿನಿಗೆ ಇದೆಲ್ಲಾ ಹೊಟ್ಟೆಕಿಚ್ಚು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗೆ ಕಡಿಮೆಯಿಲ್ಲದಂತೆ ಭಾರತ ನಮ್ಮ ಹಣ ಹೀರುತ್ತಿದೆ ಎಂದು ಗೊಣಗಿದ. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಡಿನೇರಿಯಸ್. ಅಂದರೆ ಒಂದೂಕಾಲು ಕೋಟಿ ಡಿನೇರಿಯಸ್. ಆ ಅಂಕಿಯನ್ನು ಎಷ್ಟು ನಂಬಬೇಕೋ ಅವರವರಿಗೆ ಬಿಟ್ಟದ್ದು. ಪ್ಲಿನಿಗೆ ಐಷಾರಾಮದ ಮೇಲೆ ಮೊದಲೇ ಸಿಟ್ಟಿತ್ತು.

ಅದೇ ಪ್ಲಿನಿ ಹೇಳುವ ಇನ್ನೊಂದು ಕಥೆ ನನಗೆ ಹೆಚ್ಚು ಇಷ್ಟ. ರೋಮ್‌ನ ಒಬ್ಬ ತೆರಿಗೆ ಗುತ್ತಿಗೆದಾರನ ಆಳು ಅರಬ್ ಕರಾವಳಿಯಲ್ಲಿ ಗಾಳಿಗೆ ಸಿಕ್ಕಿ ಶ್ರೀಲಂಕಾ ತಲುಪುತ್ತಾನೆ. ಅವನ ಬಳಿಯಿದ್ದ ಡಿನೇರಿಯಸ್‌ಗಳನ್ನು ಅಲ್ಲಿನ ರಾಜ ನೋಡುತ್ತಾನೆ. ಒಂದೊಂದರ ಮೇಲೆ ಒಂದೊಂದು ಮುಖ. ಬೇರೆ ಬೇರೆ ದೊರೆಗಳು ಹೊಡೆಸಿದ್ದು. ಆದರೂ ಎಲ್ಲದರ ತೂಕ ಒಂದೇ. ಇವರು ಪ್ರಾಮಾಣಿಕರು ಎಂದು ರಾಜ ಮೆಚ್ಚಿ ರೋಮ್‌ಗೆ ರಾಯಭಾರಿಗಳನ್ನು ಕಳಿಸಿದನಂತೆ. ಕಥೆಯಲ್ಲಿ ಆತ್ಮಪ್ರಶಂಸೆ ಇದೆ, ಇರಲಿ. ದೂರದ ಊರಿನಲ್ಲಿ ನಾಣ್ಯದ ಹೆಸರಿಗೆ ಬೆಲೆ ಬರುವುದು ಹೀಗೆ ಎನ್ನುವುದಂತೂ ನಿಜ.

ನೆಲದಿಂದ ಸಿಕ್ಕ ಸಾಕ್ಷಿಯೂ ಇದನ್ನೇ ಹೇಳುತ್ತದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಕಾಮಗಾರಿ ನಡೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಇವತ್ತು ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಇದು ತಿಳಿದಿದ್ದರೆ ಸ್ವಲ್ಪ ಹೊತ್ತು ಕಳೆಯಬಹುದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಡಿನೇರಿಯಸ್ ಸಿಕ್ಕಿವೆ. ಶಾತವಾಹನರ ಸೀಸದ ನಾಣ್ಯಗಳು ಸಿಕ್ಕ ನೆಲವೂ ಅದೇ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಹೆಚ್ಚಿನದು ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ್ದು. ಅದಕ್ಕೆ ಒಂದು ಕಾರಣ ಕೊಡುತ್ತಾರೆ. ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್‌ನ ತೂಕ ಇಳಿಸಿದ, ಬೆಳ್ಳಿಗೆ ತಾಮ್ರ ಜಾಸ್ತಿ ಬೆರೆಸಿದ. ಹೊಸದನ್ನು ನಮ್ಮ ವ್ಯಾಪಾರಿಗಳು ಮುಟ್ಟಲಿಲ್ಲ, ಹಳೆಯದನ್ನೇ ಕೇಳಿದರು. ಇಲ್ಲಿ ನಾಣ್ಯವನ್ನು ಎಣಿಸಿ ತೆಗೆದುಕೊಳ್ಳುತ್ತಿರಲಿಲ್ಲ, ತೂಗಿ ಉಜ್ಜಿ ನೋಡಿ ತೆಗೆದುಕೊಳ್ಳುತ್ತಿದ್ದರು ಎಂದಾಯಿತು. ಇನ್ನು ಕೆಲವನ್ನು ತೂತು ಮಾಡಿ ಕೊರಳಿಗೆ ಹಾಕಿಕೊಂಡರು. ಜೈನರ ಕಲ್ಪಸೂತ್ರದಲ್ಲಿ ಶ್ರೀದೇವಿಯ ಕೊರಳಲ್ಲಿ ದೀನಾರಗಳ ಮಾಲೆ ಇದೆ. ನಮ್ಮ ಕಾಸಿನ ಸರದ ವಂಶಾವಳಿ ಬರೆಯುವವರು ಈ ಸಾಲನ್ನು ಬಿಡುವ ಹಾಗಿಲ್ಲ.

ಸಂಸ್ಕೃತಕ್ಕೆ ಬಂದ 'ದೀನಾರ' ಬೆಳ್ಳಿಯದ್ದಲ್ಲ, ಚಿನ್ನದ್ದು. ಇದು ಹೇಗಾಯಿತು? ರೋಮ್‌ನಲ್ಲಿ ಚಿನ್ನದ ನಾಣ್ಯವೂ ಇತ್ತು. ಅದನ್ನು ನಾವು ಈಗ ಬರೀ 'ಆರಿಯಸ್' ಎನ್ನುತ್ತೇವೆ. ಅದರ ಪೂರ್ತಿ ಹೆಸರು 'ಡಿನೇರಿಯಸ್ ಆರಿಯಸ್', ಅಂದರೆ ಚಿನ್ನದ ಡಿನೇರಿಯಸ್. 25 ಬೆಳ್ಳಿಯದ್ದಕ್ಕೆ ಒಂದು ಚಿನ್ನದ್ದು. ರೋಮನ್ನರು ಮಾತಿನಲ್ಲಿ ಮೊದಲ ಪದ ಬಿಟ್ಟರು, ಎರಡನೆಯದನ್ನು ಉಳಿಸಿಕೊಂಡರು. ಪೂರ್ವದವರು ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಉಳಿಸಿಕೊಂಡರು. ಈ ಒಂದು ಕತ್ತರಿಯೇ ಪೂರ್ವ ಪಶ್ಚಿಮಗಳ ದಾರಿ ಬೇರೆ ಮಾಡಿದ್ದು. ನಾಣ್ಯಶಾಸ್ತ್ರದವರು ಇದನ್ನು ಅಡಿಟಿಪ್ಪಣಿಯಲ್ಲಿ ಮುಗಿಸುತ್ತಾರೆ. ನನಗೆ ಇಡೀ ಕಥೆಯ ಕೀಲಿ ಇಲ್ಲೇ ಇದೆ ಅನಿಸುತ್ತದೆ.

ಕುಷಾಣರು ಚಿನ್ನದ ನಾಣ್ಯ ಹೊಡೆಸಿದಾಗ ರೋಮ್‌ನ ಆರಿಯಸ್ ತೂಕವನ್ನೇ ಮಾದರಿಯಾಗಿ ಇಟ್ಟುಕೊಂಡರು. ಎಂಟು ಗ್ರಾಂ ಆಸುಪಾಸು. ಅವರ ನಂತರ ಗುಪ್ತರು ಅದೇ ದಾರಿ ಹಿಡಿದರು. ಆ ಹೊತ್ತಿಗೆ ದೀನಾರ ಶಾಸನಗಳಲ್ಲಿ ಸಲೀಸಾಗಿ ಓಡಾಡುತ್ತಿತ್ತು. ಎರಡನೇ ಚಂದ್ರಗುಪ್ತನ ಕಾಲದ ಸಾಂಚಿ ಶಾಸನ 412ರ ಸುಮಾರಿನದು. ಅದರಲ್ಲಿ ಆಮ್ರಕಾರ್ದವ ಎಂಬ ಅಧಿಕಾರಿ ಬೌದ್ಧ ವಿಹಾರಕ್ಕೆ 25 ದೀನಾರ ದಾನ ಕೊಡುತ್ತಾನೆ. ಭಿಕ್ಷುಗಳ ಊಟಕ್ಕೆ, ದೀಪಕ್ಕೆ. ಅಮರಕೋಶದಲ್ಲಿ 'ನಿಷ್ಕ' ಪದದ ಅರ್ಥ ಹೇಳುವಾಗ ದೀನಾರವೂ ಬರುತ್ತದೆ. ವೇದಕಾಲದ ನಿಷ್ಕವನ್ನು ಅರ್ಥಮಾಡಿಸಲು ರೋಮ್‌ನಿಂದ ಬಂದ ಪದ ಬೇಕಾಯಿತು! ಅಷ್ಟರಮಟ್ಟಿಗೆ ಅದು ಮನೆಯ ಪದವಾಗಿಬಿಟ್ಟಿತ್ತು.

ಕಾಶ್ಮೀರದಲ್ಲಿ ಮಾತ್ರ ಇದಕ್ಕೆ ವಿಚಿತ್ರ ಗತಿ. ಹನ್ನೆರಡನೇ ಶತಮಾನದ ಕಲ್ಹಣನ ರಾಜತರಂಗಿಣಿಯಲ್ಲಿ ಸಾವಿರ, ಲಕ್ಷ 'ದಿನ್ನಾರ'ಗಳ ಮಾತು ಬರುತ್ತದೆ. ಓದಿದರೆ ಕಣಿವೆಯಲ್ಲಿ ಚಿನ್ನದ ಹೊಳೆ ಹರಿಯುತ್ತಿತ್ತು ಅನಿಸಬೇಕು. ಅಲ್ಲಿ ದಿನ್ನಾರ ಎಂದರೆ ಬಿಡಿ ಕಾಸಿನ ಲೆಕ್ಕ, ಸುಮ್ನೆ 'ದುಡ್ಡು' ಎಂದ ಹಾಗೆ. ಪೂರ್ವದಲ್ಲೂ ಒಂದು ಮೂಲೆಯಲ್ಲಿ ಪದ ಚಿಲ್ಲರೆಗೆ ಇಳಿದಿತ್ತು. ಕಾಶ್ಮೀರಿ ಮಾತಿನಲ್ಲಿ ಹಣಕ್ಕೆ ಇರುವ 'ದ್ಯಾರ್' ಪದವನ್ನು ಈ ದಿನ್ನಾರದಿಂದಲೇ ಬಂದದ್ದು ಎಂದು ಗುರುತಿಸಿದ್ದಾರೆ.

ನಮ್ಮ ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗಗಳದ್ದೇ ಕಾರುಬಾರು. ಹೊರಗಿನಿಂದ ಬಂದು ಇಲ್ಲಿ ಕಾಲೂರಿದ್ದು ದಿನಾರದ ಗ್ರೀಕ್ ನೆಂಟ, ದ್ರಮ್ಮ. ಅದು ಡ್ರಾಕ್ಮಾ. ಹಿಂದಿಯಲ್ಲಿ ಬೆಲೆಗೆ 'ದಾಮ್' ಎನ್ನುವುದೂ, ಅರಬರ ದಿರ್ಹಮ್ ಕೂಡ ಅದರದ್ದೇ ಕೊಂಬೆಗಳು.

ಈಗ ಅರಬರ ಕಡೆಗೆ. ಮೂರನೇ ಶತಮಾನದಲ್ಲಿ ರೋಮ್‌ನ ಬೆಳ್ಳಿ ನಾಣ್ಯ ಪೂರಾ ಹಾಳಾಯಿತು. ತಾಮ್ರಕ್ಕೆ ಬೆಳ್ಳಿಯ ಬಣ್ಣ ಬಳಿದಂತಾಗಿತ್ತು ಅದರ ಪಾಡು. ಅಗಸ್ಟಸ್ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ ಸುಮಾರು ಸಾವಿರ ಡಿನೇರಿಯಸ್ ಸಾಕಿತ್ತು. 301ರಲ್ಲಿ ಡಯೋಕ್ಲೀಶಿಯನ್ ಬೆಲೆಗಳಿಗೆ ಮಿತಿ ಹಾಕಿ ಆಜ್ಞೆ ಹೊರಡಿಸಿದಾಗ ಅದೇ ಚಿನ್ನದ ಬೆಲೆ 72,000 ಡಿನೇರಿಯಸ್. ಕೈಯಲ್ಲಿ ಹಿಡಿಯುವ ನಾಣ್ಯವಾಗಿ ಅದು ಸತ್ತಿತ್ತು, ಲೆಕ್ಕದಲ್ಲಿ ಮಾತ್ರ ಇತ್ತು. ಕಾನ್‌ಸ್ಟಂಟೈನ್ ಚಿನ್ನದ ಹೊಸ ನಾಣ್ಯ ತಂದ. ಅದು ಸೊಲಿಡಸ್, 'ಗಟ್ಟಿಯಾದದ್ದು'. ನಾಲ್ಕೂವರೆ ಗ್ರಾಂ ತೂಕದ ಅದು ಹೆಸರಿಗೆ ತಕ್ಕಂತೆ ನೂರಾರು ವರ್ಷ ಗಟ್ಟಿಯಾಗಿಯೇ ಇತ್ತು. ಆದರೆ ಸಿರಿಯಾ, ಅರೇಬಿಯಾ ಕಡೆಯ ಜನ ಚಿನ್ನದ ನಾಣ್ಯವನ್ನು ಮೊದಲಿನಿಂದ ಏನೆಂದು ಕರೆಯುತ್ತಿದ್ದರೋ ಹಾಗೇ ಕರೆದರು, ದೀನಾರ್ ಎಂದು. ಕುರಾನ್‌ನ ಮೂರನೇ ಅಧ್ಯಾಯದಲ್ಲಿ ಈ ಪದ ಇದೆ. ರಾಶಿ ಹಣ ನಂಬಿ ಕೊಟ್ಟರೂ ಹಿಂತಿರುಗಿಸುವವರಿದ್ದಾರೆ, ಒಂದು ದೀನಾರ್ ಕೊಟ್ಟರೂ ತಿರುಗಿಸದವರಿದ್ದಾರೆ ಎಂಬ ಮಾತು ಅದು.

ಖಲೀಫ ಅಬ್ದುಲ್ ಮಲಿಕ್ ಮೊದಮೊದಲು ಬೈಜಾಂಟಿಯಮ್‌ನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಸೊಲಿಡಸ್ಸನ್ನೇ ಚೂರುಪಾರು ಬದಲಿಸಿ ಹೊಡೆಸಿದ. ಶಿಲುಬೆಯ ಅಡ್ಡಪಟ್ಟಿ ತೆಗೆದುಹಾಕಿದ, ಕಂಬ ಉಳಿಸಿಕೊಂಡ. 696ರ ಸುಮಾರಿಗೆ ಆ ಕಂಬವೂ ಹೋಯಿತು, ದೊರೆಯ ಚಿತ್ರವೂ ಹೋಯಿತು. ನಾಣ್ಯದ ಎರಡೂ ಕಡೆ ಬರೀ ಅರಬಿ ಅಕ್ಷರ. ತೂಕ 4.25 ಗ್ರಾಂ. ವಸ್ತು ಸೊಲಿಡಸ್‌ನ ವಂಶದ್ದು, ಹೆಸರು ಡಿನೇರಿಯಸ್‌ನದ್ದು. ಅತ್ತ ಪಶ್ಚಿಮದಲ್ಲಿ ಚಿನ್ನದ ಸೊಲಿಡಸ್ ಸವೆದು ಸವೆದು ಫ್ರೆಂಚರ 'ಸು' ಆಯಿತು, ಕವಡೆ ಕಾಸು ಅನ್ನುವ ಅರ್ಥಕ್ಕೆ ಇಳಿಯಿತು. ಚಿನ್ನದ ಹೆಸರು ಚಿಲ್ಲರೆಗೆ, ಬೆಳ್ಳಿಯ ಹೆಸರು ಚಿನ್ನಕ್ಕೆ. ಎಂಥ ಅದಲುಬದಲು!

ಪಶ್ಚಿಮದ ಲೆಕ್ಕ ಕಟ್ಟಿದವನು ಫ್ರಾಂಕರ ರಾಜ ಶಾರ್ಲಮೇನ್. 793ರ ಸುಮಾರಿಗೆ ಅವನು ಒಂದು ಪೌಂಡ್ ಬೆಳ್ಳಿಯಿಂದ 240 ಡಿನೇರಿಯಸ್ ಹೊಡೆಯಬೇಕು ಎಂದು ಗೊತ್ತುಮಾಡಿದ. 12 ಡಿನೇರಿಯಸ್‌ಗೆ ಒಂದು ಸೊಲಿಡಸ್, 20 ಸೊಲಿಡಸ್‌ಗೆ ಒಂದು ಪೌಂಡ್. ಪೌಂಡ್, ಶಿಲ್ಲಿಂಗ್, ಪೆನ್ನಿ ಬಂದದ್ದು ಈ ಲೆಕ್ಕದಿಂದ. 1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶಕ್ಕೆ ಬದಲಾಗುವವರೆಗೂ ಡಿ ಅಕ್ಷರ ಉಳಿದಿತ್ತು. ಆವತ್ತಿನಿಂದ ಪೆನ್ನಿಗೆ ಪಿ.

ಶಾರ್ಲಮೇನ್ ಕಾಲದಲ್ಲೇ ಇಂಗ್ಲೆಂಡಿನ ಮರ್ಸಿಯಾದಲ್ಲಿ ಓಫಾ ಎಂಬ ರಾಜನಿದ್ದ. ಅವನು ಹೊಡೆಸಿದ ಬೆಳ್ಳಿ ಪೆನ್ನಿ ಹೆಸರುವಾಸಿ. ಲ್ಯಾಟಿನ್ ಬರಹದಲ್ಲಿ ಅದೂ ಡಿನೇರಿಯಸ್. ಅದೇ ಓಫಾನ ಹೆಸರಿನಲ್ಲಿ ಒಂದು ಚಿನ್ನದ ನಾಣ್ಯವೂ ಇದೆ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿ. ಅದು ಬಾಗ್ದಾದ್ ಖಲೀಫ ಅಲ್ ಮನ್ಸೂರನ ದೀನಾರ್‌ನ ನಕಲು. ಹಿಜರಿ 157, ಅಂದರೆ 774ರ ಆಸುಪಾಸಿನ ನಾಣ್ಯವನ್ನು ನೋಡಿಕೊಂಡು ಅಚ್ಚು ಕೆತ್ತಿದ್ದಾರೆ. ಅಲ್ಲಾಹನ ಹೊರತು ಬೇರೆ ದೇವರಿಲ್ಲ ಎಂಬ ಅರಬಿ ಬರಹ ಹಾಗೇ ಇದೆ. ನಡುವೆ 'ಓಫಾ ರೆಕ್ಸ್', ಓಫಾ ರಾಜ, ಎಂದು ಲ್ಯಾಟಿನ್‌ನಲ್ಲಿ ಸೇರಿಸಿದ್ದಾರೆ. ಅರಬಿ ನೇರವಾಗಿ ಹಿಡಿದರೆ ರಾಜನ ಹೆಸರು ತಲೆಕೆಳಗು! ಕೆತ್ತಿದವನಿಗೆ ಅರಬಿ ಒಂದಕ್ಷರವೂ ಬರುತ್ತಿರಲಿಲ್ಲ ಎನ್ನುವುದು ಸ್ಪಷ್ಟ. ಆದರೆ ದೂರದ ಊರಿನಲ್ಲಿ ಚಿನ್ನ ನಡೆಯಬೇಕಾದರೆ ಅದು ದೀನಾರ್‌ನಂತೆ ಕಾಣಬೇಕು ಎನ್ನುವುದು ಗೊತ್ತಿತ್ತು. ನೂರಾರು ವರ್ಷ ಹಿಂದೆ ಬೇರೆಯಾದ ಎರಡು ಕವಲುಗಳು ಒಬ್ಬ ಕ್ರೈಸ್ತ ರಾಜನ ಟಂಕಸಾಲೆಯಲ್ಲಿ ಒಂದನ್ನೊಂದು ಗುರುತಿಸದೆ ಭೇಟಿಯಾದವು.

ಸ್ಪೇನ್‌ನಲ್ಲಂತೂ ಎರಡೂ ಅಕ್ಕಪಕ್ಕವೇ ಇದ್ದವು. ದಕ್ಷಿಣದ ಮುಸ್ಲಿಂ ರಾಜ್ಯಗಳಲ್ಲಿ ದೀನಾರ್, ಚಿನ್ನ. ಉತ್ತರದ ಕ್ರೈಸ್ತ ರಾಜ್ಯಗಳಲ್ಲಿ ಡಿನೇರೊ, ತಾಮ್ರ ಬೆರೆತ ಬಡ ಬೆಳ್ಳಿ. ಇವತ್ತಿನ ಸ್ಪ್ಯಾನಿಷ್‌ನಲ್ಲಿ ಹಣಕ್ಕೆ ಡಿನೇರೊ ಅನ್ನುವುದು ಈ ಬಡ ನಾಣ್ಯದಿಂದ, ಅರಬರಿಂದ ಅಲ್ಲ. ಹಣವಂತನಿಗೆ 'ಅಡಿನೆರಾಡೊ'. ಇಟಾಲಿಯನ್‌ನಲ್ಲಿ ಡೆನಾರೊ, ಪೋರ್ಚುಗೀಸ್‌ನಲ್ಲಿ ದಿನ್ಯೆಯ್ರೊ, ಎಲ್ಲಕ್ಕೂ ಅರ್ಥ ಹಣವೇ. ಒಂದು ನಾಣ್ಯದ ಹೆಸರು ಎಲ್ಲಾ ದುಡ್ಡಿಗೂ ಹೆಸರಾಗುವುದು ನಮಗೆ ಹೊಸದಲ್ಲ. 'ಹಣ' ಕೂಡ ಮೂಲದಲ್ಲಿ ಪಣ ಎಂಬ ನಾಣ್ಯವೇ ತಾನೇ. ಕಾಸು, ದುಡ್ಡು, ಹೊನ್ನು ಎಲ್ಲವೂ ಒಂದು ಕಾಲದ ನಾಣ್ಯಗಳೇ.

ಈಗ ಹೆಸರು ಉಳಿಸಿಕೊಂಡಿರುವ ದೇಶಗಳೆಂದರೆ ಕುವೈತ್, ಬಹರೈನ್, ಇರಾಕ್, ಜೋರ್ಡಾನ್, ಲಿಬಿಯಾ, ಟ್ಯುನೀಶಿಯಾ, ಅಲ್ಜೀರಿಯಾ, ಸರ್ಬಿಯಾ. ಉತ್ತರ ಮ್ಯಾಸಿಡೋನಿಯಾದಲ್ಲಿ ದೆನಾರ್. ಹೆಸರು ಒಂದಾದ ಮಾತ್ರಕ್ಕೆ ಬೆಲೆ ಒಂದಲ್ಲ. ಒಂದು ಕುವೈತ್ ದಿನಾರ್‌ಗೆ ಮೂರು ಡಾಲರ್‌ಗಿಂತ ಜಾಸ್ತಿ ಸಿಗುತ್ತದೆ. ಇರಾಕ್‌ನಲ್ಲಿ ಒಂದು ಡಾಲರ್‌ಗೆ ಸಾವಿರಕ್ಕೂ ಮೇಲೆ ದಿನಾರ್ ಕೊಡಬೇಕು. ಇರಾನ್‌ನಲ್ಲಿ ದಿನಾರ್ ಎಂದರೆ ರಿಯಾಲ್‌ನ ನೂರರಲ್ಲೊಂದು ಪಾಲು. ರಿಯಾಲ್‌ಗೇ ಬೆಲೆ ಇಲ್ಲದಿರುವಾಗ ಅದನ್ನು ಕೇಳುವವರಿಲ್ಲ. 1993ರಲ್ಲಿ ಯುಗೊಸ್ಲಾವಿಯಾ ಒಂದೇ ನೋಟಿನ ಮೇಲೆ 50,000 ಕೋಟಿ ದಿನಾರ್ ಎಂದು ಅಚ್ಚು ಹಾಕಿತ್ತು. ಡಯೋಕ್ಲೀಶಿಯನ್ ನೋಡಿದ್ದರೆ ತನ್ನ 72,000 ಪರವಾಗಿಲ್ಲ ಅಂದುಕೊಳ್ಳುತ್ತಿದ್ದ.

ಗಲ್ಫ್ ದಿನಾರ್‌ಗಳಿಗೂ ನಮ್ಮ ರೂಪಾಯಿಗೂ ನೇರ ನಂಟಿದೆ. 1961ಕ್ಕೆ ಮೊದಲು ಕುವೈತ್‌ನಲ್ಲಿ ನಡೆಯುತ್ತಿದ್ದದ್ದು ರೂಪಾಯಿ. 1959ರಿಂದ ಗಲ್ಫ್‌ಗೆಂದೇ ಭಾರತ ಬೇರೆ ಬಣ್ಣದ ನೋಟು ಅಚ್ಚು ಹಾಕುತ್ತಿತ್ತು. 1961ರ ಏಪ್ರಿಲ್‌ನಲ್ಲಿ ಕುವೈತ್ ತನ್ನ ದಿನಾರ್ ತಂದಿತು. ಹದಿಮೂರು ರೂಪಾಯಿ ಮತ್ತು ಒಂದು ರೂಪಾಯಿಯ ಮೂರನೇ ಒಂದು ಪಾಲಿಗೆ ಒಂದು ದಿನಾರ್. ಅದು ಆಗಿನ ಒಂದು ಬ್ರಿಟಿಷ್ ಪೌಂಡ್‌ಗೆ ಸರಿಸಮ. ಪೌಂಡ್‌ಗೆ 240 ಡಿ. ಅಂದರೆ ಹೆಸರಿನ ಲೆಕ್ಕದಲ್ಲಿ ಒಂದು ದಿನಾರ್ ಸಮ 240 ಡಿನೇರಿಯಸ್! ಬಹರೈನ್ 1965ರಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್ ಮಾಡಿಕೊಂಡಿತು. ಅರಿವಿಲ್ಲದೆಯೇ 'ಹತ್ತರದ್ದು' ಎಂಬ ಹಳೆಯ ಅರ್ಥ ಒಂದು ಗಳಿಗೆ ಮತ್ತೆ ಹೊಂದಿತ್ತು. ಅಲ್ಲಿ ಚಿಲ್ಲರೆಗೆ ಫಿಲ್ಸ್, ಕುವೈತ್ ಮತ್ತು ಬಹರೈನ್ ದಿನಾರ್‌ಗಳಲ್ಲಿ ಸಾವಿರ ಸಾವಿರ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಗೆ ಪರಿಚಯದ ಪದ. ಅದೂ ಲ್ಯಾಟಿನ್ನೇ. ಫಾಲಿಸ್, ಅಂದರೆ ಚೀಲ.

ಇನ್ನು ರೇಷ್ಮೆ. ಫ್ರಾನ್ಸ್‌ನಲ್ಲಿ ಡಿನೇರಿಯಸ್ 'ದೆನಿಯೆ' ಆಗಿ, ನಾಣ್ಯದ ಜೊತೆಗೆ ಸಣ್ಣ ತೂಕದ ಹೆಸರೂ ಆಯಿತು. ರೇಷ್ಮೆ ದಾರ ಎಷ್ಟು ದಪ್ಪ ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಅದಕ್ಕೆ ಗೊತ್ತಾದ ಉದ್ದದ ದಾರ ಸುತ್ತಿ ತೂಗುತ್ತಿದ್ದರು. ಮುಂದೆ ಅದು ಹೀಗೆ ನಿಂತಿತು. 450 ಮೀಟರ್ ದಾರ 0.05 ಗ್ರಾಂ ತೂಗಿದರೆ ಒಂದು ಡೀನಿಯರ್. ಇದನ್ನೇ ಇಪ್ಪತ್ತರಿಂದ ಗುಣಿಸಿದರೆ 9000 ಮೀಟರ್‌ಗೆ ಒಂದು ಗ್ರಾಂ. ಪುಸ್ತಕದಲ್ಲಿ 9000 ಎಂಬ ವಿಚಿತ್ರ ಸಂಖ್ಯೆ ನೋಡಿ ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಉತ್ತರ ಇದು.

ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರಿಗೆ ಡೀನಿಯರ್ ದಿನನಿತ್ಯದ ಮಾತು. ಒಂದು ಗೂಡಿನ ಎಳೆ ಸುಮಾರು ಎರಡರಿಂದ ಮೂರು ಡೀನಿಯರ್. ಏಳೆಂಟು ಗೂಡಿನ ಎಳೆ ಸೇರಿಸಿ ಬಿಚ್ಚಿದರೆ '20/22' ನೂಲು. ಎರಡು ಅಂಕಿ ಯಾಕೆಂದರೆ ಹುಳು ಒಂದೇ ಸಮ ನೂಲುವುದಿಲ್ಲ. ಗೂಡಿನ ಕೊನೆಗೆ ಹೋದಂತೆ ಎಳೆ ತೆಳುವಾಗುತ್ತದೆ. ಆಗ ಇನ್ನೊಂದು ಗೂಡು ಸೇರಿಸಬೇಕು. ಹಾಗೆ ಸೇರಿಸುವುದರಲ್ಲೇ ಬಿಚ್ಚುವವರ ಕೈಚಳಕ ಇರುವುದು. ಅಂತರರಾಷ್ಟ್ರೀಯವಾಗಿ ಈಗ ಟೆಕ್ಸ್ ಎಂಬ ಅಳತೆ ಇದೆ, 1000 ಮೀಟರ್‌ಗೆ ಎಷ್ಟು ಗ್ರಾಂ ಎಂದು. ಲೆಕ್ಕಕ್ಕೆ ಅದೇ ಸಲೀಸು. ಡೀನಿಯರನ್ನು ಒಂಬತ್ತರಿಂದ ಭಾಗಿಸಿದರೆ ಟೆಕ್ಸ್ ಸಿಗುತ್ತದೆ. ಆದರೂ ರೇಷ್ಮೆ ವ್ಯಾಪಾರ ನಡೆಯುವುದು ಇನ್ನೂ ಡೀನಿಯರ್‌ನಲ್ಲೇ.